ಗ್ರಾಹಕರನ್ನು ಕುಟುಂಬವೆಂದು ಕರೆದು ಕೆಟ್ಟ ಬಗ್ಗೆ

ವ್ಯಾಪಾರ ಕಿರುಸಂದೇಶ ಇಲಾಖೆ
ಅಪಿಯಾ, ಸಮೋವಾ

ಸಂಖ್ಯೆ: ವ್ಯಾಕಿಇ/ಬೇಸರ/ಹಂದಿಕಾಲು/೧
ದಿನಾಂಕ: ಗುರುವಾರ, ಮುಂದಿನ ದೋಣಿ ಬರುವುದರೊಳಗೆ

ಸುತ್ತೋಲೆ

ವಿಷಯ: ಅಂಗಡಿಗಳ ಪರವಾಗಿ ಗ್ರಾಹಕರಿಗೆ ಕಳುಹಿಸುವ ಮೊಬೈಲ್ ಸಂದೇಶಗಳಲ್ಲಿ ಪ್ರೀತಿ, ಬೇಸರ, ನೆಂಟಸ್ತಿಕೆ ಇತ್ಯಾದಿಗಳನ್ನು ಈ ಕ್ಷಣದಿಂದ ನಿಲ್ಲಿಸುವ ಕುರಿತು.

ಉಲ್ಲೇಖ:
(೧) ಸವಾಯಿ ದ್ವೀಪದ ಶ್ರೀಮತಿ ಸಿಯುಪೊಲು ಅವರ ಸಂದೇಶಗಳು (ಬಂದಾಗ ಇಲಾಖೆ ಓದಿರಲಿಲ್ಲ).
(೨) ಸದರಿಯವರ ಖುದ್ದು ಭೇಟಿ, ಕಳೆದ ಸೋಮವಾರ.
(೩) ಬೇಯಿಸಿದ ಹಂದಿಕಾಲು, ಒಂದು (ಈಗ ಲಭ್ಯವಿಲ್ಲ).

ಪ್ರಸ್ತಾವನೆ

ಅಕ್ಕಿ, ಸೋಪು, ಡಬ್ಬಿ ಮೀನು ಮಾರುವ ಅಂಗಡಿಗಳ ಪರವಾಗಿ ಈ ಇಲಾಖೆಯು ವಾರಕ್ಕೆ ಮೂರು ಬಾರಿ ಗ್ರಾಹಕರಿಗೆ ಸಂದೇಶ ಕಳುಹಿಸುತ್ತಾ ಬಂದಿರುವುದು ಸರಿಯಷ್ಟೆ. ಪ್ರತಿ ಸಂದೇಶದ ಕೊನೆಯಲ್ಲಿ "ನೀವು ನಮ್ಮ ಗ್ರಾಹಕರಲ್ಲ, ನಮ್ಮ ಕುಟುಂಬ" ಎಂಬ ಸಾಲು ಇರತಕ್ಕದ್ದೆಂದು ಹಿಂದೆ ಆದೇಶಿಸಲಾಗಿತ್ತು. ಈ ಸಾಲನ್ನು ಯಾರೂ ನಂಬುವುದಿಲ್ಲವೆಂಬ ಭರವಸೆಯ ಮೇಲೆಯೇ ಇಲಾಖೆ ಇದುವರೆಗೆ ನಡೆದುಬಂದಿದೆ.

ಆದರೆ ಸದರಿ ಸಿಯುಪೊಲು ಅವರು ನಂಬಿರುತ್ತಾರೆ, ಅಥವಾ ನಂಬಿದವರಂತೆ ಇರುತ್ತಾರೆ. ಎರಡರಲ್ಲಿ ಯಾವುದೆಂದು ತಿಳಿಯಲು ನೇಮಿಸಿದ ಸಮಿತಿಯು ಸೋಮವಾರ ಕಚೇರಿಯ ಬಾಗಿಲಲ್ಲೇ ಅವರ ಮುಖ ನೋಡಿ ಹೆದರಿ ವಾಪಸಾಗಿದೆ. ಫೋನು ಅವರ ಪತಿ ಫಿಟಿಯವರ ಹೆಸರಿನಲ್ಲಿದ್ದು, ಗಂಡಹೆಂಡತಿ ಇಬ್ಬರಿಗೂ ಅದೊಂದೇ. ಬಂದ ಪ್ರತಿ ಸಂದೇಶಕ್ಕೂ ಆಕೆ ಮರ್ಯಾದೆಯಿಂದ ಉತ್ತರ ಬರೆದಿರುತ್ತಾರೆ: ಫಿಟಿಯ ಮಂಡಿನೋವು, ಅವರ ಹಲಸಿನಂತಹ ಉಲು ಮರಕ್ಕೆ ಬಡಿದ ಗಾಳಿ, ನಿಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮವೇ. ಇಲಾಖೆಯಲ್ಲಿ ಉತ್ತರ ಓದುವ ಹುದ್ದೆ ಮಂಜೂರಾಗಿಲ್ಲದ ಕಾರಣ ಯಂತ್ರವೇ ಪ್ರತಿ ಬಾರಿಯೂ "ನಿಮ್ಮ ಮಾತು ನಮಗೆ ಮುಖ್ಯ. ಶೀಘ್ರದಲ್ಲೇ ನಿಮ್ಮನ್ನು ಕಾಣುತ್ತೇವೆ" ಎಂದು ತಿಳಿಸಿರುತ್ತದೆ.

ಹೀಗಿರುವಾಗ ಫಿಟಿ ತೀರಿಕೊಂಡರು. ಆಕೆ ಎಲ್ಲ ನೆಂಟರಿಗೆ ತಿಳಿಸಿದಂತೆ ಇಲಾಖೆಗೂ ತಿಳಿಸಿದರು: "ಫಿಟಿ ಹೋದ. ಗುರುವಾರ ಮಣ್ಣು. ಕುಟುಂಬದವರು ಬನ್ನಿ." ಶೀಘ್ರದಲ್ಲೇ ಕಾಣುತ್ತೇವೆ ಎಂದು ಯಂತ್ರ ಉತ್ತರಿಸಿತು. ಆಕೆ ಇದನ್ನು ಊರಿಗೆಲ್ಲ ಓದಿ ಹೇಳಿ, ಮನೆಯೊಳಗೆ ಇಲಾಖೆಗೆಂದು ಒಂದು ಚಾಪೆ ಹಾಸಿ, ಮಣ್ಣು ಮಾಡುವುದನ್ನು ತಡೆದು ಕಾದರು. ಗುರುವಾರ ಹೋಯಿತು. ಶುಕ್ರವಾರ ಬೆಳಿಗ್ಗೆ ಇಲಾಖೆಯಿಂದ ಸಂದೇಶವೊಂದು ಬಂತು. ಮುಂದಿನದನ್ನು ಆಕೆಯೇ ಸೋಮವಾರ ನಿರ್ದೇಶಕರ ಮೇಜಿನ ಮುಂದೆ ನಿಂತು, ಅಭಿನಯ ಸಹಿತ ಹೇಳಿದ್ದು, ಯಥಾವತ್ತಾಗಿ ದಾಖಲಿಸಲಾಗಿದೆ:

"ಮನೆ ತುಂಬ ಜನ. ಪೆಟ್ಟಿಗೇಲಿ ಅವನು. ಫೋನು ಕಿಣಿ ಅಂತು. ಬಂದ್ರು ನೋಡ್ರೋ ಅಂದೆ. ದೊಡ್ಡದಾಗಿ ಓದ್ದೆ. 'ಪ್ರೀತಿಯ ಫಿಟಿ, ನಿಮ್ಮನ್ನು ಕಾಣದೆ ಬಹಳ ದಿನವಾಯಿತು! ಬೇಸರವಾಗಿದೆ! ಎರಡು ಡಬ್ಬಿ ಮೀನಿಗೆ ಒಂದು ಉಚಿತ!' ನಮ್ಮೂರ ಮಾತುಗಾರ ಮುಖಂಡ ಟಾಟುಪು ಕೋಲು ಹಿಡ್ಕೊಂಡು ಭಾಷಣಕ್ಕೆ ಎದ್ದಿದ್ದೋನು ಹಾಗೇ ನಿಂತ. 'ಬೇಸರ ಆಗಿದ್ರೆ ಬಂದು ಅಳ್ಬೇಕು ಕಣಮ್ಮಾ, ಮೀನು ಯಾಕೆ ಮಾರ್ತಾನೆ?' ಅಂದ. ಜನ ಹೆಣದ ಮುಂದೆ ನಕ್ಕುಬಿಟ್ರು, ಮಗಾ. ನನ್ನ ಗಂಡನ ಹೆಣದ ಮುಂದೆ."

ಶನಿವಾರ ಮಣ್ಣಾಯಿತು. ಇಲಾಖೆಯ ಚಾಪೆ ಖಾಲಿಯೇ ಉಳಿಯಿತು. ಆದ್ದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ.

೧. "ಕುಟುಂಬ" ಎಂಬ ಪದವನ್ನು ಎಲ್ಲ ಸಂದೇಶಗಳಿಂದ ತೆಗೆಯತಕ್ಕದ್ದು. ಬದಲಿಗೆ "ಗೆಳೆಯರೇ" ಎಂದು ಬಳಸುವ ಪ್ರಸ್ತಾವವನ್ನು ಪರಿಶೀಲಿಸಲಾಗಿ, ಗೆಳೆಯರೂ ಊಟಕ್ಕೆ ಬರುತ್ತಾರೆಂದು ಕಂಡುಬಂದಿದೆ. "ನೆರೆಯವರೇ" ಎಂದರೆ ಪಾತ್ರೆ ಕೇಳುತ್ತಾರೆ. ಆದುದರಿಂದ ಇನ್ನು ಮುಂದೆ ಎಲ್ಲ ಸಂದೇಶಗಳೂ "ಯಾರೋ ಒಬ್ಬರೇ," ಎಂದು ಆರಂಭವಾಗತಕ್ಕದ್ದು.

೨. "ಬೇಸರವಾಗಿದೆ" ಎಂದು ಬರೆಯುವ ಸಿಬ್ಬಂದಿಗೆ ನಿಜವಾಗಿಯೂ ಬೇಸರವಾಗಿರತಕ್ಕದ್ದು. ಬೇಸರದ ಪ್ರಮಾಣವನ್ನು ಶಾಖಾ ಮೇಲ್ವಿಚಾರಕರು ಮುಖ ನೋಡಿ ದೃಢೀಕರಿಸತಕ್ಕದ್ದು. ಸಂಬಳದ ದಿನ ಯಾರಿಗೂ ಬೇಸರವಿರದ ಕಾರಣ ಅಂದು ಸಂದೇಶ ರವಾನೆಗೆ ರಜೆ.

೩. ಯಂತ್ರವು ಕೊಟ್ಟ ಮಾತಿಗೆ ಯಂತ್ರವೇ ಹೊಣೆ. "ಕಾಣುತ್ತೇವೆ ಅಂದಿದ್ದು ಅದು, ಅದನ್ನೇ ಬಸ್ಸು ಹತ್ಸಿ" ಎಂದು ಇಲಾಖೆಯ ಚಾಲಕ ಲಾಗಿ ಎಂಬವರು ಸಲಹೆ ನೀಡಿದ್ದನ್ನು ಗಂಭೀರವಾಗಿ ಪರಿಗಣಿಸಲಾಯಿತು. ಯಂತ್ರಕ್ಕೆ ಸೊಂಟವಿಲ್ಲದೆ ಲಾವಲಾವ ಪಂಚೆ ನಿಲ್ಲುವುದಿಲ್ಲ. ಲಾವಲಾವ ಉಡದೆ ಸಾವಿನ ಮನೆಗೆ ಹೋಗುವಂತಿಲ್ಲ. ಸಲಹೆಯನ್ನು ತಿರಸ್ಕರಿಸಲಾಗಿದೆ.

೪. ಸಾಯಲಿಚ್ಛಿಸುವ ಗ್ರಾಹಕರು ಕಚೇರಿ ವೇಳೆಯಲ್ಲಿ ಮುಂಚಿತವಾಗಿ ತಿಳಿಸತಕ್ಕದ್ದು. ತಿಳಿಸದೆ ಸತ್ತವರನ್ನು ಜೀವಂತರೆಂದೇ ಭಾವಿಸಲಾಗುವುದು. ಪಟ್ಟಿಯಿಂದ ಹೆಸರು ತೆಗೆಸಬೇಕಾದರೆ ಮೃತರು ತಮ್ಮದೇ ಫೋನಿನಿಂದ, ತಮ್ಮದೇ ಬೆರಳಿನಿಂದ "ಸಾಕು" ಎಂದು ಕಳುಹಿಸತಕ್ಕದ್ದು.

೫. ಗ್ರಾಹಕರು ತಂದ ತೆಂಗಿನಗರಿ ಬುಟ್ಟಿಯೊಳಗಿನ ಯಾವುದನ್ನೂ ಸಿಬ್ಬಂದಿ ತಿನ್ನತಕ್ಕದ್ದಲ್ಲ. ಸೋಮವಾರ ಸದರಿ ಮಹಿಳೆಯು ಸಾವಿನ ಮನೆಯ ಹಂದಿಯಲ್ಲಿ ಕುಟುಂಬದ ಪಾಲೆಂದು ಒಂದು ಕಾಲನ್ನು, ದೋಣಿ ಹತ್ತಿ ಬಸ್ಸು ಹತ್ತಿ ಹೊತ್ತು ತಂದು, ನಿರ್ದೇಶಕರ ಮೇಜಿನ ಮೇಲೆ ಇಟ್ಟರು. ಇದನ್ನು ಸ್ವೀಕರಿಸಬಹುದೇ ಎಂದು ಕಾನೂನು ಶಾಖೆಯನ್ನು ಕೇಳಲಾಯಿತು. ಕಾನೂನು ಶಾಖೆಯವರ ಬಾಯಿ ತುಂಬಿದ್ದರಿಂದ ಅಭಿಪ್ರಾಯ ನೀಡಲಾಗಲಿಲ್ಲ. ಅನಂತರ ನಡೆದ ಮಾತು:

"ಎಲ್ಲಾ ತಿಂದ್ರಾ?" ಎಂದು ಸಿಯುಪೊಲು.

"ಚೆನ್ನಾಗಿತ್ತಮ್ಮಾ," ಎಂದು ನಿರ್ದೇಶಕ ಪೆನಿಯಾಮಿನಾ, ಬೆರಳು ಒರೆಸಿಕೊಳ್ಳುತ್ತಾ.

"ಹಾಗಾದ್ರೆ ಕುಟುಂಬಾನೇ ಬಿಡು. ಸಾವಿನ ಮನೆ ಪಾಲು ತಿಂದ್ಮೇಲೆ ಬರೋಕಾಗಲ್ಲ ಅನ್ನೋ ಹಾಗಿಲ್ಲ."

"ಅಮ್ಮಾ, ಅದು ಬರೀ ಒಂದು ಸಾಲು. ಎಲ್ರಿಗೂ ಹಾಕ್ತೀವಿ."

"ವಾರಕ್ಕೆ ಮೂರು ಸಲ ಕುಟುಂಬ ಅಂದೋನು ನೀನು. ನಾನು ಒಂದ್ಸಲಾನೂ ಅಂದಿರ್ಲಿಲ್ಲ. ನಂಗೆ ನಿನ್ನ ದುಡ್ಡು ಬೇಡ, ಮೀನು ಬೇಡ. ಬರ್ತಾರೆ ಅಂತ ಊರಿಗೆಲ್ಲ ಹೇಳ್ಕೊಂಡು ನಾನು ಸುಳ್ಳುಬುರುಕಿ ಆಗಿದ್ದೀನಿ. ಆ ಚಾಪೆ ಮಡಚಿಲ್ಲ ಇನ್ನೂ. ಬಂದು ಕೂತ್ಕೊ. ಅವನ ಹೆಸರು ಹೇಳು. ಎದ್ದು ಹೋಗು. ಅಷ್ಟೇ."

"ಬೇಗ ನಿಮ್ಮನ್ನ ಕಾಣ್ತೀವಿ ಅಮ್ಮಾ."

"ಓಹೋ. ಯಂತ್ರ ನೀನೇನಾ?"

೬. ಮೇಲ್ಕಂಡ ಬೇಡಿಕೆಯನ್ನು ಸಭೆಯಲ್ಲಿ ಚರ್ಚಿಸಲಾಗಿ, ಹೋಗುವುದಕ್ಕಿಂತ ಒಂದು ಸಂದೇಶ ಕಳುಹಿಸುವುದು ಅಗ್ಗವೆಂದು ತೀರ್ಮಾನಿಸಿ, ಮಂಗಳವಾರ "ನಮ್ಮ ಕುಟುಂಬದ ಫಿಟಿ ತೀರಿಕೊಂಡರೆಂದು ತಿಳಿಸಲು ವಿಷಾದಿಸುತ್ತೇವೆ — ವ್ಯಾಪಾರ ಕಿರುಸಂದೇಶ ಇಲಾಖೆ" ಎಂಬ ಸಂದೇಶವನ್ನು ರವಾನಿಸಲಾಯಿತು. ಒಬ್ಬರಿಗೆ ಕಳುಹಿಸುವ ಗುಂಡಿ ಈ ಇಲಾಖೆಯಲ್ಲಿ ಎಂದೂ ಬಳಕೆಯಾಗಿಲ್ಲದ ಕಾರಣ ಅದು ಎಲ್ಲಿದೆಯೆಂದು ತಿಳಿಯದೆ, ಸಂದೇಶವು ದೇಶದ ಎಲ್ಲ ಗ್ರಾಹಕರಿಗೂ ತಲುಪಿರುತ್ತದೆ.

೭. ಸಾವಿನ ಸುದ್ದಿ ಕೇಳಿದ ಮೇಲೆ ಸುಮ್ಮನಿರುವ ಜನ ನಮ್ಮವರಲ್ಲ. ಬುಧವಾರ ಬೆಳಗಿನಿಂದ ಎಲ್ಲ ಹಳ್ಳಿಗಳ ಮುಖಂಡರು, ಪಾದ್ರಿಗಳು, ಮಹಿಳಾ ಸಮಿತಿಗಳು, ಹಂದಿಗಳು ಹಾಗೂ ಸಾವಿನ ಕಾಣಿಕೆಯ ನುಣುಪು ಚಾಪೆಗಳು ದುಃಖತಪ್ತ ಇಲಾಖೆಯನ್ನು ಸಂತೈಸಲು ಆಗಮಿಸುತ್ತಿವೆ. ಮುಲಿಫನುವಾ ಕಟ್ಟೆಗೆ ಬರುವ ದೋಣಿಗಳು ಭಾರಕ್ಕೆ ಎಷ್ಟು ತಗ್ಗಿವೆಯೆಂದರೆ, ಮೀನುಗಳು ಟಿಕೆಟ್ಟಿಲ್ಲದೆ ಒಳಗೆ ಹತ್ತಿ ಕುಳಿತಿವೆಯೆಂದು ವರದಿಯಾಗಿದೆ. ಸಂಪ್ರದಾಯದಂತೆ ಬಂದವರಿಗೆಲ್ಲ ಊಟ ಹಾಕಿ, ಮರುಕಾಣಿಕೆ ಕೊಟ್ಟು ಕಳುಹಿಸುವುದು ಸಾವಾದ ಮನೆಯವರ, ಅಂದರೆ ಈ ಇಲಾಖೆಯ, ಜವಾಬ್ದಾರಿಯಾಗಿರುತ್ತದೆ. ತತ್ಸಂಬಂಧ:

(ಅ) ಲೆಕ್ಕ ಶಾಖೆಯು ಕೆಸುವಿನ ಗೆಡ್ಡೆ ಸುಲಿಯತಕ್ಕದ್ದು.
(ಆ) ಕಾನೂನು ಶಾಖೆಯು ಅಳತಕ್ಕದ್ದು. ಊಟದ ವಿರಾಮದಲ್ಲಿ ಅಳು ನಿಲ್ಲಿಸುವಂತಿಲ್ಲ.
(ಇ) ಮುಖಂಡರ ಭಾಷಣದ ನಡುವೆ ಫೋನು ನೋಡಿದ ಸಿಬ್ಬಂದಿಯನ್ನು ಹಂದಿಗಳ ಉಸ್ತುವಾರಿಗೆ ವರ್ಗಾಯಿಸಲಾಗುವುದು.
(ಈ) "ಫಿಟಿ ನಿಮಗೆ ಏನಾಗಬೇಕು?" ಎಂದು ಯಾರಾದರೂ ಕೇಳಿದಲ್ಲಿ, ಕಿಟಕಿಯ ಕಡೆ ನೋಡತಕ್ಕದ್ದು.

೮. ಯಾವ ಮುಖಂಡರನ್ನು ಎಲ್ಲಿ ಕೂರಿಸಬೇಕು, ಯಾರ ಭಾಷಣಕ್ಕೆ ಯಾರು ಉತ್ತರ ಹೇಳಬೇಕು, ಸತ್ತವರ ಬಗ್ಗೆ ಯಾವ ಒಳ್ಳೆಯ ಮಾತು ಆಡಬೇಕು ಎಂಬ ಯಾವ ತಿಳಿವಳಿಕೆಯೂ ಇಲಾಖೆಗೆ ಇರುವುದಿಲ್ಲ. ಆದ್ದರಿಂದ "ದಯವಿಟ್ಟು ಬಂದು ನಮ್ಮ ಮಾನ ಉಳಿಸಿ, ಅಂಗಳದಲ್ಲಿ ಜಾಗವಿಲ್ಲ, ಅಕ್ಕಿ ಮುಗಿದಿದೆ" ಎಂದು ಸಿಯುಪೊಲು ಅವರಿಗೆ ನಿರ್ದೇಶಕರು ತಮ್ಮ ಸ್ವಂತ ಫೋನಿನಿಂದ ಸಂದೇಶ ಕಳುಹಿಸಿದರು. ಆಕೆಯ ಉತ್ತರ ತಕ್ಷಣವೇ ಬಂದಿದ್ದು, ಎಲ್ಲರ ಅವಗಾಹನೆಗಾಗಿ ಇಲ್ಲಿ ಲಗತ್ತಿಸಲಾಗಿದೆ:

"ನಿಮ್ಮ ಮಾತು ನಮಗೆ ಮುಖ್ಯ. ಶೀಘ್ರದಲ್ಲೇ ನಿಮ್ಮನ್ನು ಕಾಣುತ್ತೇವೆ."

೯. ಆದ್ದರಿಂದ ನಿರ್ದೇಶಕರು ಮುಂದಿನ ದೋಣಿಯಲ್ಲಿ ಸವಾಯಿಗೆ ತೆರಳುತ್ತಿದ್ದಾರೆಂದು ಈ ಮೂಲಕ ತಿಳಿಯಪಡಿಸಲಾಗಿದೆ. ಇದನ್ನು ಪ್ರವಾಸ ಭತ್ಯೆಗೆ ಅರ್ಹವಾದ ಸರ್ಕಾರಿ ಕೆಲಸವೆಂದು ಪರಿಗಣಿಸಬೇಕೆಂಬ ಅವರ ಕೋರಿಕೆಯನ್ನು, ಅಳುತ್ತಿದ್ದ ಕಾನೂನು ಶಾಖೆಯು ಅಳು ನಿಲ್ಲಿಸದೆಯೇ ತಳ್ಳಿಹಾಕಿದೆ.

ಸಹಿ/-
ಪೆನಿಯಾಮಿನಾ
ನಿರ್ದೇಶಕರು ಹಾಗೂ (ಪ್ರಭಾರ) ಮೃತರ ನೆಂಟರು

ಪ್ರತಿಗಳು:
೧. ಎಲ್ಲ ಶಾಖೆಗಳಿಗೆ. ಓದಿದ ಮೇಲೆ ಒಲೆ ಹೊತ್ತಿಸಲು ಬಳಸಬಹುದು.
೨. ಯಂತ್ರಕ್ಕೆ, ಎಚ್ಚರಿಕೆಗಾಗಿ. (ಕಾಣುತ್ತೇವೆ ಎಂದು ಉತ್ತರಿಸಿದೆ.)
೩. ಡಬ್ಬಿ ಮೀನಿನ ಅಂಗಡಿಗೆ. ಇರುವ ಎಲ್ಲ ಡಬ್ಬಿಗಳನ್ನೂ ಸಾಲವಾಗಿ ಕೊಡುವ ಕೋರಿಕೆಯೊಂದಿಗೆ.
೪. ಶ್ರೀ ಫಿಟಿ (ದಿವಂಗತ) ಅವರಿಗೆ. "ಸಾಕು" ಎಂಬ ಸಂದೇಶ ಈವರೆಗೆ ಬಾರದ ಕಾರಣ.
೫. ಶ್ರೀಮತಿ ಸಿಯುಪೊಲು ಅವರಿಗೆ. ಈ ಪ್ರತಿಯನ್ನು ಫೋನಿನಲ್ಲಿ ಕಳುಹಿಸತಕ್ಕದ್ದಲ್ಲ. ನಿರ್ದೇಶಕರು ತಾವೇ ಒಯ್ದು, ಊರವರೆಲ್ಲ ಇರುವಾಗ, ಹಾಸಿರುವ ಚಾಪೆಯ ಮೇಲೆ ಕುಳಿತು, ಮೊದಲು ಫಿಟಿಯ ಹೆಸರು ಹೇಳಿ, ಅನಂತರ ಓದತಕ್ಕದ್ದು. ಚಾಪೆ ಮಡಚಬೇಕೇ ಬೇಡವೇ ಎಂಬುದು ಆಕೆಯ ವಿವೇಚನೆಗೆ ಬಿಟ್ಟಿದ್ದು.