‘ಸರಿ’ ಎನ್ನುವ ಪ್ರೋಗ್ರಾಂ

ಮಾವ: ನಿಲ್ಸಿ ಅಂದ್ರೆ ನಿಲ್ಸಿ ಅಳಿಯಂದ್ರೇ! ಊರಿಗೆ ಊರೇ ಅಂಗಡಿ ಬಾಗಿಲಿಗೆ ಬರ್ತಾ ಇದೆ!

ಅಳಿಯ: ನಿಲ್ಲಿಸ್ತಾನೇ ಇದೀನಿ ಮಾವ. ಅದೇ ಕೇಳ್ತಿಲ್ಲ.

ಕನ್ನಡಕದ ಅಂಗಡಿ ಮಾವನದು. ‘ನಿಮ್ಮ ಕನ್ನಡಕ ಸಿದ್ಧವಾಗಿದೆ’ ಎಂದು ಗಿರಾಕಿಗಳ ಮೊಬೈಲಿಗೆ ಸಂದೇಶ ಕಳಿಸುವ ಪ್ರೋಗ್ರಾಂ ಅಳಿಯನದು. ಸಿದ್ಧವಾಗಿದ್ದದ್ದು ಒಂದೇ ಕನ್ನಡಕ, ಸಂದೇಶ ಮಾತ್ರ ಎಲ್ಲರಿಗೂ ಹೋಗುತ್ತಿತ್ತು. ಮದುವೆಯಾದ ಮೇಲೆ ಮೊದಲ ಸಲ ಮಾವನೆದುರು ವಿದ್ಯೆ ತೋರಿಸಲು ಕೂತವನಿಗೆ ಈಗ ಮಾನ ಉಳಿದರೆ ಸಾಕಾಗಿತ್ತು. ಪಾಪ, ಕಂಟ್ರೋಲ್ ಸಿ ಒತ್ತಿ ಒತ್ತಿ ಬೆರಳು ಸವೆಯಿತು. ಒತ್ತಿದರೆ ಪ್ರೋಗ್ರಾಂ ನಿಲ್ಲಬೇಕು. ಇದೋ, ಒತ್ತಿದಾಗಲೆಲ್ಲ ಕಪ್ಪು ಪರದೆಯ ಮೇಲೆ ‘ಸರಿ’ ಎಂದು ಬರೆದು, ಅದರ ಕೆಳಗೇ ಇನ್ನೊಬ್ಬ ಗಿರಾಕಿಯ ಹೆಸರು ಮೂಡಿಸುತ್ತಿತ್ತು.

ಮಾವ: ‘ಸರಿ’ ಅಂತಿದೆಯಲ್ಲ! ಎಷ್ಟು ವಿನಯ ನೋಡಿ!

ಅಳಿಯ: ವಿನಯಕ್ಕೇನು ಕಮ್ಮಿಯಿಲ್ಲ, ಕಳಿಸೋದು ಬಿಡ್ತಿಲ್ಲ. ನೀವೇ ಹೇಳಿದ್ದಲ್ವಾ? ‘ನಮ್ಮಂಗಡೀಲಿ ಯಾರು ಏನಂದ್ರೂ ಮೊದ್ಲು ಸರಿ ಅನ್ಬೇಕು, ಹಿಡಿದ ಕೆಲಸ ಬಿಡಬಾರ್ದು’ ಅಂತ. ಹಾಗೇ ಬರೆದೆ.

ಮಾವ: ಅದು ಗಿರಾಕಿಗಳ ವಿಷ್ಯಕ್ಕೆ ಹೇಳಿದ್ದು ಸ್ವಾಮಿ! ವೈರ್ ಕೀಳ್ತೀನಿ ಇರಿ.

ಅಳಿಯ: ಅಯ್ಯೋ ಬೇಡ! ಕರೆಂಟ್ ಹೋಗಿ ಬಂದ್ರೆ ಅದು ತಾನಾಗೇ ಮೊದಲಿಂದ ಶುರು ಮಾಡ್ಬೇಕು ಅಂತಲೂ ನೀವೇ...

ಮಾವ ಕಿತ್ತೇಬಿಟ್ಟಿದ್ದರು. ‘ಬೇಡ’ ಎಂದದ್ದು ಕಿವಿಗೆ ಬಿದ್ದದ್ದೇ ಗಾಬರಿಯಾಗಿ ಮತ್ತೆ ಸಿಕ್ಕಿಸಿದರು. ಎಲ್ಲರಿಗೂ ಎರಡನೆಯ ಸಂದೇಶ ಹೊರಟಿತು. ಕನ್ನಡಕವಿಲ್ಲದವರ ದಂಡು ಒಳನುಗ್ಗಿತು. ಒಬ್ಬರಂತೂ ಗೋಡೆಯ ಕನ್ನಡಿಯಲ್ಲಿದ್ದ ತಮ್ಮನ್ನೇ ‘ಸ್ವಲ್ಪ ದಾರಿ ಬಿಡ್ರೀ’ ಎಂದು ಗದರಿದರು.

ಕೊನೆಗೆ ಅಳಿಯ, ಪ್ರೋಗ್ರಾಂ ಅನ್ನು ಮುಗಿಸದೆ ಇದ್ದಲ್ಲೇ ತಡೆದಿಡುವ ಕಂಟ್ರೋಲ್ ಝಡ್ ಒತ್ತಿದ. ಹೆಸರುಗಳು ನಿಂತವು.

ಮಾವ: ಸತ್ತಿತಾ?

ಅಳಿಯ: ಇಲ್ಲ, ಮಲಗಿದೆ.

ಮಾವ (ಪಿಸುಗುಟ್ಟುತ್ತ): ಹಾಗಾದ್ರೆ ಮೆಲ್ಲಗೆ ಮಾತಾಡಿ, ಎದ್ದುಬಿಟ್ಟೀತು!

ಅಳಿಯ: ತಪ್ಪು ಸಿಕ್ತು ಮಾವ. ‘ಸರಿ’ ಅನ್ನೋಕೆ ಕಲಿಸಿದೀನಿ, ಅಂದ ಮೇಲೆ ನಿಲ್ಲೋಕೆ ಕಲಿಸೇ ಇಲ್ಲ. ಒಂದು ಸಾಲು ಸೇರಿಸಿದ್ರೆ ಮುಗೀತು. ಅಷ್ಟರಲ್ಲಿ ನೀವು ಮುಂದೆ ಹೋಗಿ, ಒಬ್ಬರದ್ದು ಬಿಟ್ರೆ ಯಾರ ಕನ್ನಡಕವೂ ರೆಡಿ ಇಲ್ಲ ಅಂತ ಹೇಳಿ, ಉಳಿದವರನ್ನೆಲ್ಲ ಮನೆಗೆ ಕಳಿಸಿ.

ಮಾವ: ಸರಿ.

ಮಾವ ಅಂಗಿ ಸರಿಮಾಡಿಕೊಂಡು, ಒಮ್ಮೆ ಕೆಮ್ಮಿ, ಗಟ್ಟಿ ಮನಸ್ಸು ಮಾಡಿ ಗಿರಾಕಿಗಳೆದುರು ನಿಂತರು.

ಮಾವ: ಬನ್ನಿ ಸರ್, ನಿಮ್ದು ರೆಡಿ! ಐದೇ ನಿಮಿಷ, ಕೂತ್ಕೊಳ್ಳಿ! ಅಮ್ಮಾ, ನಿಮ್ದೂ ರೆಡಿ!

ಅಳಿಯ (ಒಳಗಿಂದ): ಮಾವಾ! ನಿಲ್ಸಿ!

ಮಾವ: ಸರಿ ಅಳಿಯಂದ್ರೇ! ಹಾಂ, ಮುಂದಿನವರು ಬನ್ನಿ, ನಿಮ್ದೂ ರೆಡಿ!