ಮಡಿಕೆ ಬಿಚ್ಚದ ಹಸಿರು ಖಣಕ್ಕೆ

ಮಾನ್ಯ ಹಸಿರು ಖಣದವರೇ,

ಹುಬ್ಬಳ್ಳಿ ಕಮರಿಪೇಟೆಯ ರಮಾಕಾಂತನ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ತಾವು ಈ ಹೊತ್ತು ಯಾರ ಕಪಾಟಿನಲ್ಲಿ ಕ್ಷೇಮವಾಗಿದ್ದೀರಿ ಎಂಬುದು ತಿಳಿಯದ ಕಾರಣ, ಮನೆಯೊಳಗಿನ ಮಾತನ್ನು ಹೀಗೆ ಊರೆಲ್ಲ ಓದುವಂತೆ ಬರೆಯಬೇಕಾಗಿದೆ, ಕ್ಷಮೆ ಇರಲಿ.

ನನ್ನ ಹೆಂಡತಿ ನಿರುಪಮಾ ತೀರಿಕೊಂಡು ಭಾದ್ರಪದಕ್ಕೆ ವರ್ಷವಾಯಿತು. ದೀಪಾವಳಿಗೆ ಬಂದ ತಂಗಿ ಧನಶ್ರೀ ಅವಳ ಕಪಾಟು ತೆರೆದು, "ಅಣ್ಣಾ, ಮೂವತ್ತೊಂದು ಖಣ ಅವ. ನೀ ಏನ್ ಜಂಪರ್ ಹೊಲಿಸ್ಕೋತೀಯೇನು? ಲಕ್ಷ್ಮೀಪೂಜಿಗೆ ಬಂದವರಿಗೆಲ್ಲಾ ಉಡಿ ತುಂಬಿ ಕಳಸ್ತೀನಿ, ಕಪಾಟರೆ ಹಗುರಾಗತದ" ಎಂದಳು. ನಾನು ತಲೆಯಾಡಿಸಿದೆ. ಮನೆಗೆ ಬಂದ ಪ್ರತಿ ರವಿಕೆ ಖಣದ ಮಡಿಕೆಯೊಳಗೂ ನಿರುಪಮಾ, ಕೊಟ್ಟವರಿಗೇ ಅದು ತಿರುಗಿ ಹೋಗದಿರಲೆಂದು, ಅವರ ಹೆಸರು ಬರೆದ ಒಂದು ಚೀಟಿಯನ್ನು ಟಾಚಣಿ ಸೂಜಿಯಿಂದ ಚುಚ್ಚಿ ಇಡುತ್ತಿದ್ದಳು. ಅದನ್ನು ತೆಗೆಯಬೇಕೆಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆಯೇ ಪಕ್ಕದ ಮನೆಯ ಸುಕನ್ಯಾ ಕೆಂಪು ಖಣವೊಂದನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಚೀಟಿಯಲ್ಲಿ ನಿರುಪಮಾಳ ಅಕ್ಷರ: "ಸುಕನ್ಯಾ ಕೊಟ್ಟದ್ದು. ಬಣ್ಣ ಬಿಡತದ. ದೂರದವರಿಗೆ ಕೊಡಬೇಕು." ಸುಕನ್ಯಾ, "ಕಾಕಾ, ಇದರಾಗ ನಂದೇನ್ ತಪ್ಪರಿ? ನನಗೂ ಅದನ್ನ ಯಾರೋ ಕೊಟ್ಟಿದ್ರು!" ಎಂದು ಖಣವನ್ನು ಕಟ್ಟೆಯ ಮೇಲಿಟ್ಟು ಹೋದಳು. ಸಂಜೆಯೊಳಗೆ ಇನ್ನೂ ಏಳು ಮಂದಿ ಬಂದರು. ಎಲ್ಲರಿಂದಲೂ ಬೈಸಿಕೊಂಡು, ಚೀಟಿಗಳನ್ನು ಇಸಿದುಕೊಂಡು, ನನ್ನ ದಿನಚರಿಯ ಪುಟಗಳ ನಡುವೆ ಇಟ್ಟಿದ್ದೇನೆ. ವರ್ಷದ ಮೇಲೆ ಮನೆಯಲ್ಲಿ ಅವಳ ದನಿ ಕೇಳಿದಂತಾಯಿತು.

ತಾವು ಮಾತ್ರ ಬರಲಿಲ್ಲ. ಆ ಮೂವತ್ತೊಂದರಲ್ಲಿ ನಾನೇ ಅಂಗಡಿಗೆ ಹೋಗಿ ಆರಿಸಿ ತಂದದ್ದು ತಮ್ಮನ್ನೊಬ್ಬರನ್ನೇ. ತಮ್ಮ ಮಡಿಕೆಯೊಳಗೆ ನನ್ನ ಬಗ್ಗೆ ಅವಳು ಏನು ಬರೆದಿದ್ದಾಳೋ, ಅದು ನನಗೆ ಬೇಕು. ಬೈದಿದ್ದರೂ ಸರಿ.

ವಿಚಾರಿಸುತ್ತ ಹೋದಂತೆ ತಮ್ಮ ಕೀರ್ತಿ ತಿಳಿಯಿತು. ನಮ್ಮ ಮನೆಯಿಂದ, ಪೂಜೆಗೆ ಬಂದಿದ್ದ ಓಣಿಯ ಮಾಳವ್ವನ ಉಡಿ, ಅಲ್ಲಿಂದ ದುರ್ಗದಬೈಲಿನ ಬಳೆಯಂಗಡಿಯಾಕೆ, ಅಲ್ಲಿಂದ ಗರಗ ಊರಿನ ಆಕೆಯ ಬೀಗರ ಮನೆ, ಮತ್ತೆ ಹುಬ್ಬಳ್ಳಿಯ ಬಸ್ಸು. ತುಳಸಿ ಲಗ್ನದ ಹೊತ್ತಿಗೆ ಆರು ಉಡಿ ಕಂಡು, ಒಮ್ಮೆಯೂ ಮಡಿಕೆ ಬಿಚ್ಚಿಸಿಕೊಳ್ಳದೆ, ಹೋದಲ್ಲೆಲ್ಲ "ಎಷ್ಟ್ ಛಲೋ ಬಣ್ಣ" ಎಂದು ಹೊಗಳಿಸಿಕೊಂಡ ತಮ್ಮ ಜಾಣತನಕ್ಕೆ, ಮೂವತ್ತು ವರ್ಷ ಒಂದೇ ಕುರ್ಚಿಯಲ್ಲಿ ಕುಳಿತು ನಿವೃತ್ತನಾದ ನನ್ನಂಥ ಗುಮಾಸ್ತ ಕೈಮುಗಿಯಲೇಬೇಕು.

ಆದ್ದರಿಂದ ವಿನಂತಿ. ಏಳನೆಯ ಉಡಿಗೆ ಬಿಜಯಮಾಡುವಾಗ ತಾವು ತೆಂಗಿನಕಾಯಿಯ ಕೆಳಗಿನಿಂದ ಒಮ್ಮೆ ಕೆಮ್ಮಬೇಕು. ಅದು ಆಗದಿದ್ದರೆ ತಮ್ಮೊಳಗಿನ ಟಾಚಣಿಯಿಂದ ಯಾರ ಬೆರಳನ್ನಾದರೂ, ಹೆಚ್ಚು ನೋವಾಗದಂತೆ, ಚುಚ್ಚಬೇಕು. ಬಟ್ಟೆ ಯಾರಿಗಾದರೂ ಇರಲಿ. ಚೀಟಿಗೆ ಮಾತ್ರ ದಾರಿ ಹೇಳಿ ಕಮರಿಪೇಟೆಗೆ ಕಳಿಸಿಕೊಡಬೇಕು.

ನೋಡದೇ ಕೊಟ್ಟುಬಿಟ್ಟ,
ತಮ್ಮ ವಿಶ್ವಾಸಿ
ರಮಾಕಾಂತ

ತಾ.ಕ.: ಪತ್ರ ಮಡಿಚುವಷ್ಟರಲ್ಲಿ ತಮ್ಮನ್ನು ಹಿಡಿದುಕೊಂಡು ಟೇಲರ್ ಅಬೀದಾ ಬಂದಳು. ನಿರುಪಮಾಳ ಜಂಪರುಗಳನ್ನೆಲ್ಲ ಹೊಲಿದವಳು ಅವಳೇ. ಹಬ್ಬಕ್ಕೆ ತವರಿಗೆ ಬಂದ ಧಾರವಾಡದಾಕೆಯೊಬ್ಬಳು ತಮ್ಮನ್ನು ಹೊಲಿಯಲು ಕೊಟ್ಟಿದ್ದಳಂತೆ, ಅಬೀದಾಗೆ ನೋಡಿದೊಡನೆ ಗುರುತು ಸಿಕ್ಕಿತಂತೆ. "ಇದರಾಗ ತೋಳು ಬರೂದಿಲ್ರಿ. ಅಕ್ಕಾರಿಗೂ ಆವಾಗ ಇದನ್ನೇ ಹೇಳಿದ್ದೆ" ಎಂದು ಮಡಿಕೆ ಬಿಚ್ಚಿ ತೋರಿಸಿದಳು. ಚೀಟಿ ಅಲ್ಲೇ ಇತ್ತು: "ಇವರು ತಂದದ್ದು. ಅಳತಿ ಸಾಲೂದಿಲ್ಲ. ಯಾರಿಗೂ ಕೊಡೂದಿಲ್ಲ."

ತಮ್ಮನ್ನೊಬ್ಬರನ್ನೇ ಕಪಾಟಿನಲ್ಲಿ ಇಟ್ಟಿದ್ದೇನೆ, ಚೀಟಿಯ ಸಮೇತ. ಧಾರವಾಡದಾಕೆಗೆ ತಮ್ಮ ಬದಲು ಸುಕನ್ಯಾಳ ಕೆಂಪು ಖಣ ಕಳಿಸಿದೆ. ನಿರುಪಮಾ ಬರೆದಂತೆಯೇ, ದೂರದವರಿಗೆ.