ನಮ್ಮ ಮನೆಯ ನಳ ಮತ್ತು ನನ್ನ ಸಹಪಾಠಿಗಳು

ಅಡುಗೆ ಮಾಡುವವರಿಗೆ ಒಂದು ಅನುಕೂಲವಿದೆ. ಉಣ್ಣುವವರ ನಾಲಿಗೆ ಅವರಿಗೆ ಗೊತ್ತಿರುತ್ತದೆ. ನಮ್ಮ ಯಜಮಾನರಿಗೆ ಖಾರ ಕಡಿಮೆಯಾದರೆ ಮುಖ ಸಪ್ಪೆಯಾಗುತ್ತದೆ, ಮಗನಿಗೆ ಬದನೆಕಾಯಿ ಕಂಡರೆ ಹೊಟ್ಟೆನೋವು ಬರುತ್ತದೆ. ಬರೆಯುವವರಿಗೆ ಇಂಥ ಸುಖವಿಲ್ಲ, ಯಾರ ಬಾಯಿಗೆ ಏನು ಬೀಳುತ್ತದೋ ತಿಳಿಯದು. ನನ್ನ ಓದುಗರಾದರೋ ಕೈಬೆರಳಲ್ಲಿ ಎಣಿಸುವಷ್ಟೇ ಜನ, ಅದೂ ಪಕ್ಕದ ಬೆಂಚಿನಲ್ಲೇ ಕೂರುವವರು. ಆದರೂ ಅವರ ಮುಖ ನೆನಪಾದರೆ ಸಾಕು, ನನ್ನ ಪೆನ್ನು ಮುಂದೆ ಹೋಗುತ್ತಿರಲಿಲ್ಲ.

ಮದುವೆಯಾಗಿ ವಿಜಯಪುರದಿಂದ ಪುಣೆಯ ಚಿಂಚವಾಡಕ್ಕೆ ಬಂದವಳು ನಾನು. ಯಜಮಾನರು ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಮಕ್ಕಳು ಮರಾಠಿ ಶಾಲೆಯಲ್ಲಿ ಓದಿದವರು; ನಾನು ಕನ್ನಡದಲ್ಲಿ ಕೂಗಿದರೆ ಮರಾಠಿಯಲ್ಲಿ ಓಗೊಡುತ್ತಾರೆ. ಯಜಮಾನರು ಕನ್ನಡ ಓದಬಲ್ಲರು, ಆದರೆ ಎರಡನೆಯ ಸಾಲಿಗೆ ಗೊರಕೆ ಶುರುವಾಗುತ್ತದೆ. ಹೀಗಾಗಿ ಕನ್ನಡ ಸಂಘದ ಮಹಡಿಯ ಮೇಲೆ ಭಾನುವಾರದ ಬರವಣಿಗೆ ತರಗತಿ ತೆರೆದಿದ್ದಾರೆಂದು ಕೇಳಿದಾಗ ಓಡಿಹೋಗಿ ಸೇರಿಕೊಂಡೆ. ನಾನು ಬರೆದದ್ದನ್ನು ಎಚ್ಚರವಾಗಿದ್ದು ಕೇಳುವವರು ಇಡೀ ಪುಣೆಯಲ್ಲಿ ಅಲ್ಲಿಯಾದರೂ ಸಿಕ್ಕಾರು ಎಂಬ ಆಸೆ.

ಪಾಠ ಹೇಳುವ ಸುಮತಿ ಮೇಡಂ, ಮನೆಯಲ್ಲಿ ನಡೆದದ್ದೊಂದನ್ನು ಬರೆದು ಮುಂದಿನ ವಾರ ಓದಿರಿ ಎಂದರು. ಅದಕ್ಕೆ ಮೊದಲು ಕೇಳುವವರು ಯಾರೆಂದು ಮಾತಾಡಿಸಿ ತಿಳಿದುಕೊಳ್ಳಿ ಎಂದೂ ಹೇಳಿದರು. ಮಾತಾಡಿಸುವ ಧೈರ್ಯ ನನಗೆಲ್ಲಿಯದು? ಮುಖ ನೋಡಿಯೇ ತಿಳಿದುಕೊಂಡೆ. ಬೆಂಗಳೂರಿನಿಂದ ಬಂದ ರಚನಾ ಸಾಫ್ಟ್‌ವೇರ್ ಕಂಪನಿಯವಳು, ಲ್ಯಾಪ್‌ಟಾಪಿನಲ್ಲಿ ಟಕಟಕ ಕುಟ್ಟುತ್ತಾಳೆ. ನನ್ನ ಒಂದೊಂದು ತಪ್ಪನ್ನೂ ಗುರುತು ಹಾಕಿಕೊಳ್ಳುವವಳು ಇವಳೇ ಎಂದುಕೊಂಡೆ. ಇನ್ನೊಬ್ಬರು ಮಾರ್ಕೆಟ್ ಯಾರ್ಡಿನ ಹತ್ತಿರ ಹೋಟೆಲು ನಡೆಸುವ ಶೆಟ್ಟರು. ಯಾರು ಏನು ಓದಿದರೂ ಕಣ್ಣು ಮುಚ್ಚಿ, ಗಂಭೀರವಾಗಿ ತಲೆದೂಗುವರು. ಇಷ್ಟು ಮೌನವಾಗಿರಬೇಕಾದರೆ ದೊಡ್ಡ ವಿಮರ್ಶಕರೇ ಇರಬೇಕು.

ಇವರಿಗೆ ತಕ್ಕಂತೆ ಬರೆಯಬೇಕಲ್ಲ. ನನ್ನ ವಿಷಯ ನಮ್ಮ ಮನೆಯ ನಳ. ನೀರು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎನ್ನುವುದೆಲ್ಲ ಅದರ ಖಯಾಲಿ. ಯಜಮಾನರು ಮೈಗೆ ಸಾಬೂನು ಹಚ್ಚಿಕೊಂಡು ನಿಂತಾಗ ನಿಂತುಹೋದ ನೀರಿನ ಕತೆ ಅದು. ಆದರೆ ನಳ ಎನ್ನುವುದು ಕನ್ನಡವೋ ಮರಾಠಿಯೋ ಎಂಬ ಅನುಮಾನ ಹುಟ್ಟಿತು. ರಚನಾ ನಕ್ಕರೆ? ಹೊಡೆದುಹಾಕಿ ‘ನಲ್ಲಿ’ ಎಂದು ಬರೆದೆ. ಆಮೇಲೆ ನೀರು ಜಲವಾಯಿತು, ಸಾಬೂನು ಫೇನವಾಯಿತು, ಯಜಮಾನರು ಗೃಹಸ್ಥರಾದರು. ಓದಿ ಹೇಳಿದಾಗ ಆ ಗೃಹಸ್ಥರು ಅಪರೂಪಕ್ಕೆ ಕೊನೆಯ ತನಕ ಎಚ್ಚರವಿದ್ದು ಕೇಳಿದರು: “ಭಾಳ ಛಲೋ ಅದ. ಆದರ ಈ ಮನುಷ್ಯಾ ಯಾರು?”

ಭಾನುವಾರ ಹಾಳೆ ಹಿಡಿದುಕೊಂಡು ಹೋದೆ. ನಕ್ಕರೆಂದರೆ ತರಗತಿ ಬಿಟ್ಟುಬಿಡುವುದೆಂದು ನಿಶ್ಚಯಿಸಿದ್ದೆ. ಬಿಟ್ಟರೆ ಮತ್ತೆ ಆ ಗೊರಕೆಯೇ ಗತಿ ಎನ್ನುವುದೂ ಗೊತ್ತಿತ್ತು. ಓದುವ ಮೊದಲು ಚಹಾ ಕೊಟ್ಟರು. ಮೂಲೆ ಹಿಡಿದು ಕೂತಿದ್ದೆ. ರಚನಾ ಬಂದು ಪಕ್ಕದಲ್ಲಿ ಕೂತು ದನಿ ತಗ್ಗಿಸಿದಳು.

“ಆಂಟಿ, ಒಂದು ಹೆಲ್ಪ್ ಮಾಡ್ತೀರಾ? ಎಲ್ಲಿ ‘ಲ’ ಬರತ್ತೆ, ಎಲ್ಲಿ ‘ಳ’ ಬರತ್ತೆ ಅಂತ ನಂಗೆ ಈಗ್ಲೂ ಗೊತ್ತಾಗಲ್ಲ. ನಿಮ್ಮ ಮುಂದೆ ಓದೋಕೆ ತುಂಬಾ ಭಯ ಆಗ್ತಿದೆ.”

ನನ್ನ ಮುಂದೆ! ನಾನು ಮಾತಾಡದೆ, ಕನ್ನಡಕ ಮೂಗಿಗಿಳಿಸಿ, ಬರೆದದ್ದನ್ನೆಲ್ಲ ಹೊಡೆದುಹಾಕುತ್ತಿದ್ದುದನ್ನು ಕಂಡು, ನಿವೃತ್ತ ಕನ್ನಡ ಪಂಡಿತೆಯೆಂದು ತಿಳಿದಿದ್ದಳಂತೆ. ನಮ್ಮ ಮಾತು ಕಿವಿಗೆ ಬಿದ್ದು ಶೆಟ್ಟರೂ ಕುರ್ಚಿ ಎಳೆದುಕೊಂಡರು.

“ನಮ್ಮ ಮನೆಯಲ್ಲಿ ತುಳು, ಹೋಟೆಲಿನಲ್ಲಿ ಮರಾಠಿ,” ಎಂದರು. “ಕನ್ನಡ ಮರೆತುಹೋಗ್ತದೆ ಅಂತ ಇಲ್ಲಿಗೆ ಬಂದದ್ದು ಮಾರಾಯ್ರೆ. ನೀವು ಏನಾದರೂ ಕೇಳಿದರೆ ಕಷ್ಟ ಅಂತಲೇ ನಾನು ಕಣ್ಣು ಮುಚ್ಚಿ ಕೂತುಕೊಳ್ಳುವುದು.”

ನಾನು ನಕ್ಕೆ. ಎಷ್ಟು ನಕ್ಕೆನೆಂದರೆ ಚಹಾ ಸೀರೆಯ ಮೇಲೆ ಚೆಲ್ಲಿತು. “ನಾನೂ ನಿಮ್ಮಿಬ್ಬರಿಗೇ ಅಂಜಿ ನಳಕ್ಕ ನಲ್ಲಿ ಅಂತ ಬರದೀನ್ರಿ,” ಎಂದೆ. ತಮ್ಮ ಕಡೆ ನಳ್ಳಿ ಎನ್ನುವುದೆಂದು ಶೆಟ್ಟರು ತಮ್ಮದನ್ನೂ ಸೇರಿಸಿದರು.

ನನ್ನ ಸರದಿ ಬಂದಾಗ ಹಾಳೆ ಮಡಚಿ ಬ್ಯಾಗಿಗೆ ಹಾಕಿದೆ. ಎದುರಿಗಿದ್ದ ಅವರ ಮುಖ ನೋಡುತ್ತ, “ನಮ್ಮ ಮನಿ ನಳದ್ದ ಒಂದು ಸುದ್ದಿ ಹೇಳತೀನ್ರಿ” ಎಂದು ಶುರು ಮಾಡಿದೆ. ಜಲ ಮತ್ತೆ ನೀರಾಯಿತು. ಸಾಬೂನಿನ ಯಜಮಾನರು ಟವೆಲು ಸುತ್ತಿಕೊಂಡು ನೆರೆಮನೆಯ ಮರಾಠಿ ಅಜ್ಜಿಯ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತ ಕಡೆ ರಚನಾ ಬೆಂಚು ಬಡಿದು ನಕ್ಕಳು. ಶೆಟ್ಟರು ಕಣ್ಣು ತೆರೆದೇ ಕೇಳಿದರು. ಬಸ್ಸಿನಲ್ಲಿ ಮನೆಗೆ ಬರುವಾಗ ನಿಲ್ಲಲು ಮಾತ್ರ ಜಾಗ ಸಿಕ್ಕಿತ್ತು, ಆದರೂ ಮೈ ಹಗುರಾಗಿತ್ತು. ತರಗತಿ ಬಿಡುವ ಮಾತೇ ಇರಲಿಲ್ಲ.

ಮರುವಾರ ಹೊಸದೊಂದನ್ನು ಬರೆದುಕೊಂಡು ಹಿಗ್ಗಿನಿಂದ ಹೋದೆ. ಅರ್ಧಕ್ಕೆ ಬಂದಿದ್ದೆ, ರಚನಾ ಕೈಯೆತ್ತಿ, ಆಂಟಿ, ಈ ಭಾಗ ಸ್ವಲ್ಪ ಬೋರು, ಬಿಟ್ಟು ಮುಂದಕ್ಕೆ ಹೋಗಿ ಎಂದಳು. ಶೆಟ್ಟರು ಕಣ್ಣು ಮುಚ್ಚಿದ್ದರು. ಈ ಸಲ ಹೆದರಿಕೆಯಿಂದಲ್ಲ. ನಮ್ಮ ಮನೆಯದರಂಥದೇ ಪರಿಚಿತ ಗೊರಕೆಯೊಂದು ಅವರ ಕಡೆಯಿಂದ ಸಣ್ಣಗೆ ಕೇಳುತ್ತಿತ್ತು. ಓದುಗರನ್ನು ಪರಿಚಯ ಮಾಡಿಕೊಳ್ಳಬೇಕೆಂದು ಮೇಡಂ ಹೇಳಿದ್ದು ಸರಿಯೇ. ಆದರೆ ಆ ಓದುಗರು ನನ್ನನ್ನು ಇಷ್ಟು ಚೆನ್ನಾಗಿ ಪರಿಚಯ ಮಾಡಿಕೊಳ್ಳಬಾರದಿತ್ತು.